ಇಪ್ಪತ್ತೆರಡು ಪಿಟೀಲಿಗೆ ಒಂದು ಕಿವಿ

ಯಾರಾದರೂ ಒಂದೇ ವಿಷಯವನ್ನು ಎಳೆದೆಳೆದು ಹೇಳುತ್ತಿದ್ದರೆ 'ಪಿಟೀಲು ಕುಯ್ಯಬೇಡ ಮಾರಾಯ' ಅನ್ನುವುದು ನನಗೆ ಅಭ್ಯಾಸವಾಗಿತ್ತು. ಮಗಳು ಒಂಬತ್ತನೆಯ ವಯಸ್ಸಿಗೆ ನಿಜವಾದ ಪಿಟೀಲನ್ನೇ ಹಿಡಿದು ಕೂತ ಮೇಲೆ ಆ ಮಾತು ತಾನಾಗಿ ಬಿಟ್ಟುಹೋಯಿತು.

ನಾನು ಪೀಣ್ಯ ಎರಡನೇ ಹಂತದ ಒಂದು ಟೂಲ್‌ರೂಮಿನವನು. ಮೈಕ್ರಾನುಗಳ ಲೆಕ್ಕದಲ್ಲಿ ಹೊಟ್ಟೆ ಹೊರೆಯುವವನು. ಸ್ಪಿಂಡಲ್ಲಿನ ಬೇರಿಂಗ್ ಸವೆದರೆ ಸದ್ದಿನಲ್ಲೇ ಹಿಡಿಯುತ್ತೇನೆ, ಆದರೆ ಕಲ್ಯಾಣಿಯನ್ನೂ ಶಂಕರಾಭರಣವನ್ನೂ ಬೇರೆ ಮಾಡಲು ಇವತ್ತಿಗೂ ಬರುವುದಿಲ್ಲ. ಒಂದು ಮಧ್ಯಮದ ವ್ಯತ್ಯಾಸ ಅಷ್ಟೇ ಅಪ್ಪಾ ಎಂದು ಮಗಳು ನೂರು ಸಲ ಹೇಳಿದ್ದಾಳೆ. ಇಂಥ ಕಿವಿ ಇಟ್ಟುಕೊಂಡು ಅವಳಿಗೆ ಬೇಸಿಗೆ ಶಿಬಿರ ಹುಡುಕಲು ಹೊರಟವನು ಮೊದಲು ಎಡವಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

2024ರ ಏಪ್ರಿಲ್. ಅವಳ ಏಳನೇ ಕ್ಲಾಸು ಆಗಷ್ಟೇ ಮುಗಿದಿತ್ತು. ವೈಟ್‌ಫೀಲ್ಡ್‌ನ ಹೋಪ್ ಫಾರಂ ಬಳಿ ಇರುವ ನನ್ನ ಭಾವಮೈದ ಒಂದು ಪೋಸ್ಟರ್ ಕಳಿಸಿದ. ದೊಡ್ಡ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸು, 10 ದಿನ, ದಿನಕ್ಕೆ ಒಂದೂವರೆ ಗಂಟೆ, 6,500 ರೂಪಾಯಿ. ಟೀ ಶರ್ಟು, ಸರ್ಟಿಫಿಕೇಟು, ಕೊನೆಯ ದಿನ ವೇದಿಕೆ. ಕಲಿಸುವವರ ಹೆಸರಿನ ಮುಂದೆ ಬಿರುದುಗಳಿದ್ದವು. ನಾನು ನೋಡಿದ್ದು ಇಷ್ಟನ್ನೇ. ಮಗಳನ್ನು ಮಾವನ ಮನೆಯಲ್ಲಿ ಬಿಟ್ಟು ಬಂದೆ.

ಮೂರನೇ ದಿನ ರಜೆ ಹಾಕಿ ನೋಡಲು ಹೋದೆ. ಹವಾನಿಯಂತ್ರಿತ ಹಾಲಿನಲ್ಲಿ 22 ಮಕ್ಕಳು, 22 ಪಿಟೀಲು. ಅರ್ಧ ಸೈಜಿನವು, ಮುಕ್ಕಾಲು ಸೈಜಿನವು, ಪೂರ್ತಿ ಸೈಜಿನವು. ಬಿಸಿಲಿನಿಂದ ತಣ್ಣನೆಯ ಹಾಲಿಗೆ ಬಂದ ಒಂದು ವಾದ್ಯವೂ ಶ್ರುತಿಯಲ್ಲಿರಲಿಲ್ಲ. ಮೇಷ್ಟ್ರು ಒಬ್ಬೊಬ್ಬರ ಬಿರಡೆ ತಿರುಗಿಸಿ ಮುಗಿಸುವಷ್ಟರಲ್ಲಿ 25 ನಿಮಿಷ. ಉಳಿದದ್ದು 65. ಒಂದೊಂದಕ್ಕೆ ಹಿಡಿಯುವ ಹೊತ್ತಿಗೆ ನಮ್ಮ ಕಡೆ ಸೈಕಲ್ ಟೈಮ್ ಅನ್ನುತ್ತಾರೆ. ಕೂತಲ್ಲೇ ಭಾಗಾಕಾರ ಮಾಡಿದೆ: ಮೇಷ್ಟ್ರ ಕಿವಿ ನನ್ನ ಮಗಳ ಪಾಲಿಗೆ ದಿನಕ್ಕೆ 3 ನಿಮಿಷವೂ ಇಲ್ಲ, ಹತ್ತು ದಿನಕ್ಕೆ ಅರ್ಧ ಗಂಟೆ. ಅದೂ ಅವರು ಎಲ್ಲರನ್ನೂ ಒಟ್ಟಿಗೆ ನುಡಿಸದೆ ಒಬ್ಬೊಬ್ಬರನ್ನೇ ಕೇಳಿದ್ದರೆ. ಕೇಳಲಿಲ್ಲ. ಕೇಳಲು ಸಾಧ್ಯವೂ ಇರಲಿಲ್ಲ ಅನ್ನಿ.

ಕೊನೆಯ ದಿನ ನಾಲ್ಕು ಹಾಡು ನುಡಿಸಿದರು. ಸ್ಪೀಕರಿನಲ್ಲಿ ತಂಬೂರಿ, ತಬಲಾ ಎಲ್ಲ ಮೊದಲೇ ತುಂಬಿಸಿಟ್ಟಿದ್ದರು. ಅಪ್ಪ ಅಮ್ಮಂದಿರೆಲ್ಲ ಮೊಬೈಲು ಎತ್ತಿಕೊಂಡು ನಿಂತೆವು. ವಾಪಸು ಬರುವಾಗ ಮೆಟ್ರೋದಲ್ಲಿ ಮಗಳು ಮೆಲ್ಲಗೆ ಹೇಳಿದಳು: "ಎರಡನೇ ಹಾಡಲ್ಲಿ ನಾನು ಕಮಾನು ತಂತಿಗೆ ತಾಗಿಸ್ಲೇ ಇಲ್ಲ. ಯಾರಿಗೂ ಗೊತ್ತಾಗ್ಲಿಲ್ಲ."

ನನಗೂ ಗೊತ್ತಾಗಿರಲಿಲ್ಲ. ವಿಡಿಯೋ ಮಾಡಿದವನು ನಾನೇ.

ಮಲ್ಲೇಶ್ವರದಲ್ಲಿರುವ ಅವಳ ಮಾಮೂಲಿ ಟೀಚರು ಜೂನ್‌ನಲ್ಲಿ ಅವಳ ಕೈ ನೋಡಿ ಏನೂ ಬೈಯಲಿಲ್ಲ. ಗುಂಪಿನಲ್ಲಿ ತನ್ನ ಸದ್ದು ತನಗೇ ಕೇಳಲಿ ಎಂದು ಕಮಾನನ್ನು ಒತ್ತುವುದು ಕಲಿತಿದ್ದಳು, ಎಡಗೈ ಹೆಬ್ಬೆರಳು ಕತ್ತಿಗೆ ಬಿಗಿಯಾಗಿ ಅಂಟಿಕೊಂಡಿತ್ತು. ಹೆಬ್ಬೆರಳು ಬಿಗಿದರೆ ಕೈ ಜಾರುವುದಿಲ್ಲ, ಕೈ ಜಾರದಿದ್ದರೆ ಗಮಕವಿಲ್ಲ. ಟೀಚರು ಮತ್ತೆ ಸರಳೆ ವರಸೆಗೆ ಇಳಿಸಿದರು. ಬಿಚ್ಚಿ ಜೋಡಿಸಲು ಮೂರು ತಿಂಗಳು ಹಿಡಿಯಿತು.

ಆ ಬೇಸಿಗೆಯ ಇನ್ನೊಂದು ತಪ್ಪು ಪೂರ್ತಿ ನನ್ನದೇ. ಒಂದು ಮಧ್ಯಾಹ್ನ ಪಿಟೀಲನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಪಕ್ಕದ ಜೋಡಣೆ ಬಾಯಿ ಬಿಟ್ಟಿತ್ತು. ಪಿಟೀಲಿನ ಹಲಗೆಗಳನ್ನು ಹಿಂದಿನಿಂದಲೂ ಅಂಟಿಸುವುದು ಚರ್ಮದ ಸರೇಸಿನಿಂದ. ರಿಪೇರಿಗೆ ಬಿಚ್ಚಲು ಬರಲಿ ಎಂದೇ ಬಿಸಿಗೆ ಮೆತ್ತಗಾಗುವ ಅಂಟು. ಈ ಜಾಣತನ ಕಂಡು, ಕೈಯಿಂದ ದುಡ್ಡು ಹೋದ ಹೊತ್ತಿನಲ್ಲೂ ನನಗೆ ಖುಷಿಯೇ ಆಯಿತು. ಬಿರಡೆಗಳದ್ದೂ ಹಾಗೆಯೇ. ಅವು 30ಕ್ಕೆ 1ರ ಟೇಪರ್, ಅಂದರೆ 30 ಪಾಲು ಉದ್ದಕ್ಕೆ 1 ಪಾಲು ಸಣ್ಣಗಾಗುತ್ತವೆ. ಸ್ಕ್ರೂ ಇಲ್ಲ, ಲಾಕ್ ಇಲ್ಲ, ಬರೀ ಮರ ಮರವನ್ನು ಕಚ್ಚಿಕೊಂಡು ನಿಲ್ಲುವುದು. ಮಾರ್ಚ್‌ನ ಒಣಗಾಳಿಗೆ ಸೊರಗಿ ಜಾರುತ್ತವೆ, ಮೊದಲ ಮಳೆ ಬಿದ್ದ ಮೇಲೆ ಊದಿಕೊಂಡು ತಿರುಗುವುದಿಲ್ಲ. ಬೇಸಿಗೆಯಲ್ಲಿ ಮಕ್ಕಳನ್ನು ಊರೂರಿಗೆ ಕಳಿಸುವವರು ವಾದ್ಯದ ಈ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2025ರ ಫೆಬ್ರವರಿಯಲ್ಲಿ ನಾನು ಬೇರೆಯೇ ರೀತಿ ಹೊರಟೆ. ಮೂರು ಕಡೆ ಫೋನ್ ಮಾಡಿ ಫೀಸು ಕೇಳುವ ಮೊದಲು ಒಂದೇ ಪ್ರಶ್ನೆ ಕೇಳಿದೆ: ನನ್ನ ಮಗಳು ಒಬ್ಬಳೇ ನುಡಿಸುವುದನ್ನು ನೀವು ದಿನಕ್ಕೆ ಎಷ್ಟು ಹೊತ್ತು ಕೇಳುತ್ತೀರಿ? ಒಂದು ಕಡೆ ಮಾತು ತೇಲಿಸಿದರು. ಇನ್ನೊಂದು ಕಡೆ, ಎಲೆಕ್ಟ್ರಾನಿಕ್ ಸಿಟಿಯ ಕಡೆಯವರು, "ಕೇಳೋಕಾಗಲ್ಲ ಸರ್, ಇದು ಪಿಟೀಲು ಮುಟ್ಟದ ಮಕ್ಕಳಿಗೆ ಪರಿಚಯದ ಶಿಬಿರ. ನಿಮ್ಮ ಮಗಳಿಗೆ ಬೇಡ" ಎಂದು ನೇರವಾಗಿ ಹೇಳಿದರು. ಅವರ ಮೇಲೆ ಗೌರವ ಬಂತು. ಏಳೆಂಟು ವರ್ಷದ ಮಗುವಿದ್ದಿದ್ದರೆ ಅಲ್ಲಿಗೇ ಕಳಿಸುತ್ತಿದ್ದೆ. ಮೂರನೆಯದು ಊರಾಚೆಯ ಒಂದು ವಾರದ ವಸತಿ ಶಿಬಿರ. ದಿನಕ್ಕೆ 20 ನಿಮಿಷ ಎಂದರು. ಒಳ್ಳೆಯದೇ, ಆದರೆ ಆ ವಾರದಲ್ಲಿ ಐದು ಕೃತಿ ಪಾಠ ಮಾಡುತ್ತಾರಂತೆ. ಅದನ್ನು ಕೇಳಿ ನಮ್ಮ ಟೀಚರು ನಕ್ಕು, "ಒಂದು ವರ್ಣ ಮೂರು ಕಾಲದಲ್ಲಿ ನಿಲ್ಲಲಿ, ಆಮೇಲೆ ನೋಡೋಣ" ಅಂದರು.

ಕೊನೆಗೆ ಶಿಬಿರ ನಡೆದದ್ದು ಟೀಚರ ಮನೆಯ ನಡುಮನೆಯಲ್ಲೇ. ಐದು ಮಕ್ಕಳು, ಮೂರು ವಾರ, ಬೆಳಿಗ್ಗೆ 7ರಿಂದ 10. ಮೂರು ವಾರಕ್ಕೂ ಸೇರಿ ಮೋಹನ ರಾಗದ ಒಂದೇ ವರ್ಣ. ಒಬ್ಬರು ನುಡಿಸಬೇಕು, ಉಳಿದ ನಾಲ್ವರು ತಾಳ ಹಾಕುತ್ತ ಎಲ್ಲಿ ಜಾರಿತು ಎಂದು ಹೇಳಬೇಕು. ಮೊದಲ ದಿನ ಮಗಳು ಅಳುಮುಖ ಮಾಡಿಕೊಂಡು ಬಂದಳು. ಓರಗೆಯವರು ತಪ್ಪು ಹಿಡಿದರೆ ಹದಿನಾಲ್ಕರ ವಯಸ್ಸಿಗೆ ಹೇಗಿರುತ್ತದೆ ಹೇಳಿ. ವಾರ ಕಳೆಯುವಷ್ಟರಲ್ಲಿ ತಾನೇ ಇನ್ನೊಬ್ಬರ ತಪ್ಪು ಹಿಡಿಯತೊಡಗಿದಳು, ಮುಖ ಸರಿಹೋಯಿತು.

ಸಂಜೆಯ ಪಾಠ ಬೇರೆ. ಟೀಚರು ಮಕ್ಕಳನ್ನು ಚಾಮರಾಜಪೇಟೆಗೆ ಅಟ್ಟಿದರು. ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ, ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಒಂದು ತಿಂಗಳಷ್ಟು ಕಾಲ. ನಮ್ಮ ದಾಸರಹಳ್ಳಿಯಿಂದ ಹಸಿರು ಮೆಟ್ರೋ ಹತ್ತಿದರೆ ಕೆ.ಆರ್. ಮಾರ್ಕೆಟ್‌ವರೆಗೆ ಇಳಿಯುವ ಗೋಜಿಲ್ಲ. ಶಿಫ್ಟು ಮುಗಿಸಿ ಗ್ರೀಸಿನ ಕೈ ತೊಳೆದು ನಾನೂ ಜೊತೆಗೆ ಹೋಗುತ್ತಿದ್ದೆ. ಹಾಡುವವರನ್ನು ನೋಡಬೇಡ, ಪಕ್ಕವಾದ್ಯದವರ ಬಲಗೈ ನೋಡು ಎಂದು ಟೀಚರ ಅಪ್ಪಣೆಯಾಗಿತ್ತು. ಮಗಳ ನೋಟ ಹಿಡಿದು ನಾನೂ ಅದನ್ನೇ ನೋಡಿದೆ. ಆಲಾಪನೆಯಲ್ಲಿ ಹಾಡುವವರು ಒಂದು ಎಳೆ ಬಿಟ್ಟರೆ ಪಿಟೀಲಿನವರು ಅದರ ಬಾಲ ಹಿಡಿದು ನೆರಳಿನ ಹಾಗೆ ಹಿಂದೆ ಹೋಗುತ್ತಾರೆ, ತಮ್ಮ ಸರದಿ ಬಂದಾಗ ಮಾತ್ರ ಬೆಳಕಿಗೆ ಬರುತ್ತಾರೆ. ಮುಂದೇನು ಬರುತ್ತದೆ ಎಂದು ಯಾರೂ ಬರೆದುಕೊಟ್ಟಿರುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಬೆರಳಿಗಿಂತ ಕಿವಿ.

ಪಿಟೀಲು ಚೌಡಯ್ಯನವರು ವರ್ಷಗಟ್ಟಲೆ ಕಲಿತದ್ದು ಬಿಡಾರಂ ಕೃಷ್ಣಪ್ಪನವರ ಬಳಿ, ಅವರು ಹಾಡುಗಾರರು ಎಂದು ಒಂದು ರಾತ್ರಿ ಮೆಟ್ರೋದಲ್ಲಿ ಮಗಳೇ ನನಗೆ ಹೇಳಿದಳು. ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಎಂದು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿದ್ದು ಮಾತ್ರ ನನಗೆ ಮೊದಲೇ ಗೊತ್ತಿತ್ತು. ಅದು ನಮ್ಮ ಜಾತಿಯ ಕೆಲಸ, ಟೂಲ್‌ರೂಮಿನ ಕೆಲಸ.

ಈ ವರ್ಷ ಲೆಕ್ಕ ಮತ್ತೆ ತಲೆಕೆಳಗಾಗಿದೆ. ಮಗಳಿಗೆ ಪಾಶ್ಚಾತ್ಯ ಪದ್ಧತಿಯ ಆರ್ಕೆಸ್ಟ್ರಾ ಶಿಬಿರಕ್ಕೆ ಹೋಗಬೇಕಂತೆ, ಶಾಲೆಯ ಗೆಳತಿ ಹೋಗುತ್ತಿದ್ದಾಳೆ. ಅಲ್ಲಿ ಕುರ್ಚಿಯ ಮೇಲೆ ಕೂತು ಗಲ್ಲಕ್ಕೂ ಭುಜಕ್ಕೂ ನಡುವೆ ಪಿಟೀಲು ಸಿಕ್ಕಿಸಬೇಕು. ಇಲ್ಲಿ ಚಕ್ಕಳಮಕ್ಕಳ ಕೂತು ಬಲಪಾದದ ಮೇಲೆ ಅದರ ತಲೆ ಊರಬೇಕು. ಅಲ್ಲಿ ನಾಲ್ಕು ತಂತಿಗೆ ನಾಲ್ಕು ಸ್ವರ, ಇಲ್ಲಿ ಸ-ಪ-ಸ-ಪ. ನನ್ನ ಹೆಂಡತಿಯದು ಇನ್ನೊಂದು ತಕರಾರು: ಮುಂದೆ ಎಸ್ಸೆಸ್ಸೆಲ್ಸಿ, ಮೇ ತಿಂಗಳಲ್ಲೇ ಶಾಲೆಯ ಸ್ಪೆಷಲ್ ಕ್ಲಾಸು ಶುರು. ನಾನೂ ನನ್ನ ಹಳೆಯ ಪ್ರಶ್ನೆ ತೆಗೆದೆ. ಮಗಳು ತಿರುಗಿ ಕೇಳಿದಳು: "ಅಲ್ಲಿ 30 ಜನ ಒಟ್ಟಿಗೆ ನುಡಿಸೋದೇ ಪಾಠ. ಒಬ್ಬಳನ್ನೇ ಯಾಕೆ ಕೇಳಬೇಕು?" ನನ್ನ ಬಳಿ ಉತ್ತರವಿರಲಿಲ್ಲ. ಪಕ್ಕದವರ ಜೊತೆ ಕಮಾನು ಮೇಲೆ ಕೆಳಗೆ ಒಟ್ಟಿಗೆ ಹೋಗಬೇಕಾದ ಸಂಗೀತಕ್ಕೆ ನನ್ನ ಭಾಗಾಕಾರ ಹೊಂದುವುದಿಲ್ಲ ಅನ್ನಿಸಿತು.

ಟೀಚರು ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. "ಹೋಗಲಿ ಬಿಡಿ, ಈಗ ಕಿವಿ ಇದೆಯಲ್ಲ. ಆದರೆ ಈ ಪಿಟೀಲಿನ ಶ್ರುತಿ ಕೆಡಿಸಬೇಡಿ, ಅದಕ್ಕೆ ಬೇರೆಯೇ ಇಟ್ಟುಕೊಳ್ಳಲಿ" ಅಂದರು. ಹೆಂಡತಿ ಇನ್ನೂ ಒಪ್ಪಿಲ್ಲ. ಫಾರಂ ಫ್ರಿಜ್ಜಿನ ಮೇಲೆ ಅಂಟಿಕೊಂಡಿದೆ.

ಅಷ್ಟರಲ್ಲಿ ನನಗೆ ಸಹೋದ್ಯೋಗಿಯೊಬ್ಬರ ಮನೆಯ ಅಟ್ಟದಿಂದ ಒಂದು ಹಳೆಯ ಪಿಟೀಲು ಸಿಕ್ಕಿದೆ. ತಂತಿ ಹೊರುವ ಕುದುರೆ ಇಲ್ಲ, ತಂತಿಗೆ ತುಕ್ಕು ಹಿಡಿದಿದೆ. ಮೂರು ಬಿರಡೆ ಗಟ್ಟಿಯಾಗಿ ಕೂರುತ್ತವೆ. ನಾಲ್ಕನೆಯದು ಜಾರುತ್ತದೆ, ರಂಧ್ರ ಸವೆದು ಮೊಟ್ಟೆಯಾಕಾರಕ್ಕೆ ಬಂದಿದೆ. ರಂಧ್ರವನ್ನು ಹದಮಾಡುವ 30ಕ್ಕೆ 1ರ ರೀಮರ್ ನಮ್ಮಲ್ಲಿಲ್ಲ, ಭಾನುವಾರ ಹುಡುಕಬೇಕು.