ರೆಪ್ಪೆ ಬಡಿಯುವಷ್ಟರಲ್ಲಿ ನುಗ್ಗಿ ಹೋದ ಜಾಹೀರಾತು

ನಮ್ಮ ಟಿವಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ಧಾರಾವಾಹಿಯ ಅತ್ತೆ ಸೊಸೆ ಜಗಳದ ನಡುವೆ ಒಂದೇ ಒಂದು ಫ್ರೇಮಿನಲ್ಲಿ ಯಾವುದೋ ಕಂಪನಿಯ ಲೋಗೊ ತೂರಿಸಿದರೆ, ‘ಏನೋ ಮಿಂಚಿದ ಹಾಗಾಯ್ತಲ್ಲ’ ಎಂದು ನೀವು ಪಕ್ಕದವರತ್ತ ತಿರುಗುವಷ್ಟರಲ್ಲಿ ಅತ್ತೆ ಮುಂದಿನ ಡೈಲಾಗ್ ಮುಗಿಸಿರುತ್ತಾಳೆ. ರೆಪ್ಪೆ ಬಡಿಯಲು ಬೇಕಾದ ಹೊತ್ತೂ ಅದಕ್ಕೆ ಬೇಡ.

ಇಂಥದ್ದು ನಮ್ಮ ತಲೆಕೆಡಿಸಿ ಅಂಗಡಿಗೆ ಓಡಿಸುತ್ತದೆ ಎಂಬ ಭಯಕ್ಕೆ ಒಂದು ಹಳೆಯ ಕಥೆಯಿದೆ. 1957ರಲ್ಲಿ ಅಮೆರಿಕದ ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ, ಚಿತ್ರಮಂದಿರದ ಪರದೆಯ ಮೇಲೆ ಕಣ್ಣಿಗೆ ಕಾಣದ ವೇಗದಲ್ಲಿ ‘ಪಾಪ್‌ಕಾರ್ನ್ ತಿನ್ನಿ’, ‘ಕೋಕಾ ಕೋಲಾ ಕುಡಿಯಿರಿ’ ಎಂದು ತೋರಿಸಿ ಪಾಪ್‌ಕಾರ್ನ್ ಮಾರಾಟವನ್ನು ಶೇ. 57.7ರಷ್ಟು ಏರಿಸಿದೆ ಎಂದ. ದಶಮಾಂಶದವರೆಗೆ ಲೆಕ್ಕ ಕೊಟ್ಟವನನ್ನು ಜನ ನಂಬದಿರುತ್ತಾರೆಯೇ? 1962ರಲ್ಲಿ ಅವನೇ, ತನ್ನ ಬಳಿ ಇದ್ದ ಮಾಹಿತಿ ಏನೂ ಹೇಳಲಾರದಷ್ಟು ಕಡಿಮೆ ಎಂದು ಒಪ್ಪಿಕೊಂಡ. ಅಷ್ಟರಲ್ಲಿ ಭಯ ಜಗತ್ತು ಸುತ್ತಿಯಾಗಿತ್ತು.

ಫ್ರೇಮ್ ತೂರಿಸುವುದೆಲ್ಲ ಬರೀ ಕಟ್ಟುಕಥೆ ಎಂದಲ್ಲ. 1995ರಲ್ಲಿ ಜಪಾನಿನ ಟಿಬಿಎಸ್ ಚಾನೆಲ್ ಓಂ ಶಿನ್ರಿಕ್ಯೊ ಪಂಥದ ಕುರಿತ ಕಾರ್ಯಕ್ರಮದಲ್ಲಿ ಅದರ ಗುರು ಅಸಹಾರನ ಮುಖವನ್ನು ಹೀಗೆ ಮಿಂಚಿಸಿ ಸರ್ಕಾರದಿಂದ ಛೀಮಾರಿ ಹಾಕಿಸಿಕೊಂಡಿತು. 2007ರಲ್ಲಿ ಅಮೆರಿಕದ ‘ಐರನ್ ಶೆಫ್ ಅಮೆರಿಕಾ’ ಅಡುಗೆ ಕಾರ್ಯಕ್ರಮದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಲೋಗೊ ಒಂದು ಫ್ರೇಮಿನಷ್ಟು ಹೊತ್ತು ಕಂಡಿತು. ತಾಂತ್ರಿಕ ದೋಷ, ಜಾಹೀರಾತಲ್ಲ ಎಂದಿತು ಚಾನೆಲ್.

ಬ್ರಿಟನ್ನಿನ 2003ರ ಸಂವಹನ ಕಾಯ್ದೆ, ನೋಡುಗರ ಅರಿವಿಗೆ ಬಾರದಂತೆ ಮನಸ್ಸಿನ ಮೇಲೆ ಪ್ರಭಾವ ಬೀರುವ ತಂತ್ರಗಳನ್ನು ನೇರವಾಗಿ ನಿಷೇಧಿಸುತ್ತದೆ. ನಮ್ಮ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ ‘ಗುಪ್ತ ಫ್ರೇಮ್’ ಎಂಬ ಹೆಸರು ಹುಡುಕಿದರೆ ಸಿಗದು. ಹಾಗೆಂದು ಕೈಚೆಲ್ಲಬೇಕಿಲ್ಲ. ಅದೇ 1994ರ ನಿಯಮಗಳಲ್ಲಿ 7(10) ಎಂಬುದೊಂದಿದೆ: ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ಗುರುತಿಗೆ ಸಿಗಬೇಕು, ಕಾರ್ಯಕ್ರಮಕ್ಕೆ ಅಡ್ಡ ಬರಬಾರದು. ದೃಶ್ಯದೊಳಗೆ ಅವಿತ ಲೋಗೊ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ.

ದೂರು ಕೊಡುವವರು ಎಡವುವುದು ಇಲ್ಲಿಯೇ. ‘ಈ ಫ್ರೇಮ್ ನನ್ನ ಸುಪ್ತ ಮನಸ್ಸನ್ನು ವಶಮಾಡಿಕೊಂಡಿತು’ ಎಂದು ಬರೆದರೆ ಅದನ್ನು ನೀವು ಸಾಬೀತು ಮಾಡಬೇಕಾಗುತ್ತದೆ. ವಿಕರಿಯ ಕೈಯಲ್ಲೇ ಆಗಲಿಲ್ಲ. ‘ಕಾರ್ಯಕ್ರಮದ ನಡುವೆ ಜಾಹೀರಾತನ್ನು ಜಾಹೀರಾತೆಂದು ತಿಳಿಯದಂತೆ ತೋರಿಸಲಾಗಿದೆ’ ಎಂದಷ್ಟೇ ಬರೆಯಿರಿ. ಆಗ ಉತ್ತರ ಹೇಳುವ ಹೊರೆ ಚಾನೆಲ್ ಹೆಗಲಿಗೆ ಬೀಳುತ್ತದೆ.

ಮೊದಲು ಕಂಡದ್ದು ನಿಜವೇ ಎಂದು ನೋಡಿಕೊಳ್ಳಿ. ಸೆಟ್‌ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡಿಂಗ್ ಇದ್ದರೆ ಒಳ್ಳೆಯದು; ಇಲ್ಲದಿದ್ದರೆ ಮರುಪ್ರಸಾರದ ವೇಳೆ ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ವಿಡಿಯೊ ನಿಲ್ಲಿಸಿ ‘ಇ’ ಕೀ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ಸೊಸೆಯ ಕಣ್ಣೀರು, ಸೊಸೆಯ ಕಣ್ಣೀರು, ಸೊಸೆಯ ಕಣ್ಣೀರು, ಅಗೋ ಲೋಗೊ, ಮತ್ತೆ ಕಣ್ಣೀರು. ಸಿಕ್ಕಿದರೆ ಮೂಲ ಫೈಲನ್ನು ಹಾಗೆಯೇ ಇಟ್ಟುಕೊಳ್ಳಿ, ವಾಟ್ಸ್ಆ್ಯಪ್‌ನಲ್ಲಿ ಬಂದ ತುಣುಕನ್ನು ನೆಚ್ಚಿಕೊಳ್ಳಬೇಡಿ: ಅಲ್ಲಿ ವಿಡಿಯೊ ಕುಗ್ಗುತ್ತದೆ, ಕಿಡಿಗೇಡಿಗಳು ಫ್ರೇಮ್ ಸೇರಿಸಿರಲೂಬಹುದು. ಮುಂದೆ ವಿಷಯ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ. ಪರಿಶೀಲಿಸದೆ ಫೇಸ್‌ಬುಕ್‌ನಲ್ಲಿ ಚಾನೆಲ್ ಹೆಸರು ಹಾಕಿ ‘ಕಳ್ಳರು’ ಎಂದು ಬರೆದರೆ ಮಾನನಷ್ಟದ ನೋಟಿಸ್ ನಿಮ್ಮ ಮನೆಗೇ ಬಂದೀತು.

ದೂರಿನಲ್ಲಿ ಚಾನೆಲ್, ಕಾರ್ಯಕ್ರಮ, ದಿನಾಂಕ, ಗಂಟೆ-ನಿಮಿಷ, ಕಂಡದ್ದೇನು ಎಂಬುದು ಇರಲಿ, ಸ್ಕ್ರೀನ್‌ಶಾಟ್ ಲಗತ್ತಿಸಿ. ಒಂದು ಪುಟ ಸಾಕು. ವಕೀಲರು ಬೇಕಿಲ್ಲ. ಚಾನೆಲ್‌ನ ದೂರು ಅಧಿಕಾರಿಯ ವಿವರ ಅದರ ವೆಬ್‌ಸೈಟಿನಲ್ಲಿ ಇರಲೇಬೇಕು. ಕೇಬಲ್ ನಿಯಮಗಳ 2021ರ ಜೂನ್ ತಿದ್ದುಪಡಿಯ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮತ್ತೆ 15 ದಿನದೊಳಗೆ ಆ ಚಾನೆಲ್ ಸದಸ್ಯನಾಗಿರುವ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅವರಿಗೆ 60 ದಿನ. ಅಲ್ಲೂ ಸಮಾಧಾನವಾಗದಿದ್ದರೆ 15 ದಿನದೊಳಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಜಾಹೀರಾತಿನ ಆಕ್ಷೇಪವನ್ನು ಮುಂಬೈನ ಜಾಹೀರಾತು ಮಾನದಂಡ ಮಂಡಳಿಗೂ (ಎಎಸ್‌ಸಿಐ) ಕಳಿಸಬಹುದು.

ಊರಿನ ಕೇಬಲ್‌ನವರೇ ನಡೆಸುವ ಲೋಕಲ್ ಚಾನೆಲ್ ಆದರೆ ಹತ್ತಿರದ ದಾರಿ ಜಿಲ್ಲಾಧಿಕಾರಿ. ಕೇಬಲ್ ಕಾಯ್ದೆಯಡಿ ಅವರು ಅಧಿಕೃತ ಅಧಿಕಾರಿ. ಜಾಹೀರಾತು ನಿಯಮ ಮೀರಿದ ಪ್ರಸಾರವನ್ನು ಸೆಕ್ಷನ್ 19ರಡಿ ತಡೆಯಬಲ್ಲರು. ಈ ಕಾಯ್ದೆಯ ಸೆಕ್ಷನ್ 16ರಲ್ಲಿದ್ದ ಜೈಲು ಶಿಕ್ಷೆಯನ್ನು ಜನವಿಶ್ವಾಸ ಕಾಯ್ದೆ, 2023 ತೆಗೆದುಹಾಕಿದೆ. ಈಗಿರುವುದು ಸಲಹೆ, ಎಚ್ಚರಿಕೆ, ಛೀಮಾರಿ ಮತ್ತು ದಂಡ. ಸಲಹೆಯನ್ನು ಶಿಕ್ಷೆ ಎನ್ನಬಹುದೇ ಎಂದು ನನಗೆ ಅನುಮಾನ.

ಹಾಗಾಗಿ ಹಣದ ಬಿಸಿ ಮುಟ್ಟಿಸಬೇಕಾದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ನೋಡಿ. ಅವಿತ ಚಿತ್ರ ದಾರಿತಪ್ಪಿಸುವ ಜಾಹೀರಾತಿನ ವ್ಯಾಖ್ಯೆಗೆ ಬರುವಂತಿದ್ದರೆ ಅಥವಾ ಮದ್ಯ, ತಂಬಾಕಿನಂಥ ನಿಷೇಧಿತ ಜಾಹೀರಾತಿನ ಕಳ್ಳದಾರಿಯಾಗಿದ್ದರೆ, ಸೆಕ್ಷನ್ 17ರಡಿ ಜಿಲ್ಲಾಧಿಕಾರಿಗೆ ಇಲ್ಲವೇ ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ತಯಾರಕರಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಗ್ರಾಹಕ ಸಹಾಯವಾಣಿ 1915. ಚುನಾವಣೆ ಹೊತ್ತಿನಲ್ಲಿ ಪಕ್ಷದ ಚಿಹ್ನೆ ಮಿಂಚಿತೆಂದರೆ ದೂರು ಹೋಗಬೇಕಾದದ್ದು ಚುನಾವಣಾಧಿಕಾರಿಗೆ, ಅದೂ ಅಂದೇ.

ಅನುಮಾನ ಬಂದ ವಾರದೊಳಗೆ ಬರೆದುಬಿಡಿ. ನಿಮ್ಮ ಬಳಿ ರೆಕಾರ್ಡಿಂಗ್ ಇಲ್ಲದಿದ್ದರೂ ಚಿಂತೆಯಿಲ್ಲ: ಪ್ರಸಾರವಾದದ್ದರ ದಾಖಲೆಯನ್ನು ಚಾನೆಲ್ ಇಟ್ಟುಕೊಂಡಿರಬೇಕು ಎಂಬುದು ಅಪ್‌ಲಿಂಕಿಂಗ್ ಅನುಮತಿಯ ಷರತ್ತು. ಆದರೆ ಆ ಷರತ್ತಿನ ಅವಧಿ 90 ದಿನ ಮಾತ್ರ.