ಮಗುವಿಗೆ ಮಾತು ಅರ್ಥವಾಗುತ್ತಿದೆಯೇ?

‘ನಾವು ಹೇಳಿದ್ದೆಲ್ಲ ಅರ್ಥವಾಗುತ್ತೆ, ಮಾತೊಂದು ಬರಬೇಕು ಅಷ್ಟೆ.’ ಆಟಿಸಂ ಇರುವ ಮಕ್ಕಳ ಎಷ್ಟೋ ತಂದೆ–ತಾಯಂದಿರು ಹೀಗೆನ್ನುತ್ತಾರೆ. ಮಾತಾಡಿಸಲು ಹೊರಡುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಿ.

ಮೊದಲು ಕಿವಿ ಪರೀಕ್ಷೆ. ಟಿವಿ ಹಾಡಿಗೆ ಓಡಿ ಬರುವ ಮಗುವಾದರೂ ಇದನ್ನು ಬಿಡಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ವಾಕ್ ಚಿಕಿತ್ಸೆ ಎರಡೂ ಇವೆ.

ಇನ್ನು ಮನೆಯಲ್ಲಿ. ಗಾಡಿ ಕೀ ಹಿಡಿದು, ಬಾಗಿಲ ಬಳಿ ನಿಂತು ‘ಚಪ್ಪಲಿ ಹಾಕ್ಕೋ’ ಎಂದರೆ ಮಗು ಹಾಕಿಕೊಳ್ಳುತ್ತದೆ. ಅದು ಕೀ ನೋಡಿ ಹೊರಟಿದ್ದೂ ಇರಬಹುದು. ಬೇರೆ ಹೊತ್ತಿನಲ್ಲಿ, ಸುಮ್ಮನೆ ಕೂತು, ಕೈ ತೋರಿಸದೆ, ಆ ಕಡೆ ಕಣ್ಣೂ ಹಾಯಿಸದೆ ‘ಚಪ್ಪಲಿ ತಾ’ ಎನ್ನಿ. ಅದಕ್ಕಿಷ್ಟವಾದ ಚೆಂಡು, ಬಿಸ್ಕತ್ತಿನ ಹೆಸರು ಹೇಳಿಯೂ ನೋಡಿ. ಒಂದೇ ದಿನದಲ್ಲಿ ತೀರ್ಮಾನಿಸಬೇಡಿ. ಮನಸ್ಸಿಲ್ಲದ್ದಕ್ಕೂ ಮಗು ಏಳದೆ ಇರಬಹುದು.

ಅರ್ಥವಾಗದ ಪದಗಳು ತಿಳಿದವೆಂದರೆ ಕಲಿಸುವುದು ಅಲ್ಲಿಂದಲೇ. ಮಗುವಿನ ಮಟ್ಟಕ್ಕೆ ಕೂತು, ವಸ್ತು ಎದುರಿಗಿರುವಾಗಲೇ ಚಿಕ್ಕದಾಗಿ ಹೇಳಿ: ‘ಹಾಲು’. ಅದು ತಿಳಿದ ಮೇಲೆ ‘ಬಿಸಿ ಹಾಲು’. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಮಗೆ ಕಷ್ಟವಾಗುವುದು ಇದೇ. ಮಗು ಸುಮ್ಮನಿದ್ದರೆ ‘ಬಾ ಪುಟ್ಟಾ, ಕುಡಿಯಲ್ವಾ, ಬೇಗ’ ಎಂದು ಮಾತು ಬದಲಿಸುತ್ತಲೇ ಹೋಗುತ್ತೇವೆ. ಮೊದಲ ಮಾತನ್ನೇ ಬಿಡಿಸಿಕೊಳ್ಳುತ್ತಿದ್ದ ಮಗುವಿಗೆ ಅದೆಲ್ಲ ಹೊಸ ಹೊರೆ. ಕಾದರೂ ಆಗದಿದ್ದರೆ ಅದೇ ಮಾತನ್ನು ಮತ್ತೊಮ್ಮೆ ಹೇಳಿ, ಆಮೇಲೆ ವಸ್ತುವನ್ನೋ ಚಿತ್ರವನ್ನೋ ತೋರಿಸಿ.

‘ಹಾಲು ಬೇಕಾ?’ ಎಂದರೆ ಮಗುವೂ ‘ಹಾಲು ಬೇಕಾ?’ ಎನ್ನುತ್ತದೆಯೇ? ಗದರಬೇಡಿ. ಎಷ್ಟೋ ಸಲ ಅದು ಹಾಲು ಕೇಳುವ ರೀತಿಯೇ ಆಗಿರುತ್ತದೆ. ಲೋಟ ಕೊಡುತ್ತ, ಮಗುವೇ ಹೇಳಬೇಕಾದಂತೆ ‘ಹಾಲು ಬೇಕು’ ಎನ್ನಿ. ಪ್ರಶ್ನೆಗಳಲ್ಲೂ ‘ಏನು’, ‘ಯಾರು’, ‘ಎಲ್ಲಿ’ ಮೊದಲು ಬರಲಿ. ‘ಯಾಕೆ’ ಎಂಬುದಕ್ಕೆ ಅವಸರ ಬೇಡ.

ಕನ್ನಡ ಬಿಟ್ಟು ಇಂಗ್ಲಿಷ್‌ನಲ್ಲೇ ಮಾತಾಡಿಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಎರಡು ಭಾಷೆ ಕೇಳುವುದರಿಂದ ಈ ಮಕ್ಕಳ ಭಾಷೆ ಕುಂಠಿತವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಜ್ಜಿಯ ಮಾತು ಕೈತಪ್ಪಿದರೆ ಮಾತ್ರ ನಷ್ಟವಿದೆ.

ಮಾತು ಬಲ್ಲ ದೊಡ್ಡ ಮಕ್ಕಳ ತೊಡಕು ಬೇರೆ. ‘ಸ್ವಲ್ಪ ಕಿವಿ ಕೊಡು’ ಎಂದರೆ ಕಿವಿ ಹಿಡಿದುಕೊಳ್ಳಬಹುದು. ಅದು ತುಂಟತನವಲ್ಲ. ‘ನಾನು ಹೇಳೋದನ್ನ ಕೇಳು’ ಎಂದು ನೇರವಾಗಿ ಹೇಳಿ, ಕಿವಿ ಕೊಡುವುದೆಂದರೆ ಇದೇ ಎಂದು ಅಲ್ಲೇ ತಿಳಿಸಿಕೊಡಿ.