ಆ ಡಿಗ್ರಿಗಳು ಯಾವ ದಂಡದವು?

1955ರಲ್ಲಿ ಅಮೆರಿಕದ ಷೆವ್ರೊಲೆ ಪಿಕಪ್ ಟ್ರಕ್ಕುಗಳಿಗೆ ಬಂದ ವಿ-8 ಎಂಜಿನ್‌ನ ಹದಿನಾರು ಕವಾಟಗಳನ್ನೂ ಒಂದೇ ಕ್ಯಾಮ್ ದಂಡ ತೆರೆಯುತ್ತಿತ್ತು. ದಂಡವು ಎಂಜಿನ್‌ನ ಒಡಲಲ್ಲಿ, ಕವಾಟಗಳು ನೆತ್ತಿಯಲ್ಲಿ. ನಡುವೆ ತಳ್ಳುಸರಳುಗಳು ಮತ್ತು ರಾಕರ್ ಎಂಬ ಸನ್ನೆಗಳು. ರಾಕರಿನ ಅನುಪಾತ 1.5. ಕ್ಯಾಮಿನ ಉಬ್ಬು ಸರಳನ್ನು 6 ಮಿ.ಮೀ. ಎತ್ತಿದರೆ ಕವಾಟ 9 ಮಿ.ಮೀ. ಸರಿಯುತ್ತದೆ. ಸನ್ನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ತೊಡಕು ಬರುವುದು ಮುಂದಿನ ಅಂಕಿಯಲ್ಲಿ. “ಕವಾಟವು 200 ಡಿಗ್ರಿ ತೆರೆದಿರುತ್ತದೆ” ಎಂಬ ವಾಕ್ಯವನ್ನೋದಿದ ವಿದ್ಯಾರ್ಥಿಯು ಕೋನಮಾಪಕ ಹಿಡಿದು ಕ್ಯಾಮಿನ ಚಿತ್ರದ ಮೇಲೆಯೇ 200 ಡಿಗ್ರಿ ಗುರುತಿಸುತ್ತಾನೆ. ತಪ್ಪು ಅವನದಲ್ಲ, ವಾಕ್ಯದ್ದು. ಆ ಡಿಗ್ರಿಗಳು ಕ್ರ್ಯಾಂಕ್ ದಂಡದವು. ನಾಲ್ಕು ಸ್ಟ್ರೋಕುಗಳ ಒಂದು ಆವರ್ತದಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಆದ್ದರಿಂದ ಕ್ಯಾಮಿನ ಮೇಲೆ ಅದು 100 ಡಿಗ್ರಿ ಮಾತ್ರ. “ಕ್ರ್ಯಾಂಕ್ ದಂಡದ 200 ಡಿಗ್ರಿ” ಎಂದು ಷಷ್ಠೀ ವಿಭಕ್ತಿ ಸೇರಿಸಿದೊಡನೆ ಗೊಂದಲ ಕಳೆಯುತ್ತದೆ. ವಿಜ್ಞಾನ ಶಿಕ್ಷಕರು ವ್ಯಾಕರಣವನ್ನು ಭಾಷಾ ಶಿಕ್ಷಕರಿಗೇ ಬಿಟ್ಟುಕೊಡಬಾರದು.

ಹೊರೆಯ ವಾಹನದಲ್ಲಿ ಈ ಅವಧಿಯನ್ನು ಕಿರಿದಾಗಿಡಲು ಕಾರಣವುಂಟು. ಒಳಹರಿವಿನ ಕವಾಟ ತಡವಾಗಿ ಮುಚ್ಚಿದರೆ, ಕಡಿಮೆ ವೇಗದಲ್ಲಿ ಮೇಲೇರುವ ಪಿಸ್ಟನ್ ಒಳಬಂದ ಮಿಶ್ರಣವನ್ನು ಹಿಂದಕ್ಕೆ ತಳ್ಳುತ್ತದೆ. ಏರಿನಲ್ಲಿ ಎಳೆತ ಕುಗ್ಗುತ್ತದೆ. ಅತಿವೇಗದಲ್ಲಿ ತಿರುಗುವ ಪಂದ್ಯದ ಕಾರಿನ ಎಂಜಿನ್‌ಗೆ ದೀರ್ಘ ಅವಧಿಯೇ ಲಾಭಕರ.

ಅಭ್ಯಾಸ: ಕ್ರ್ಯಾಂಕ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಕವಾಟ ಸೆಕೆಂಡಿಗೆ ಎಷ್ಟು ಬಾರಿ ತೆರೆಯುತ್ತದೆ? ಉತ್ತರ 25. 50 ಎಂದವರನ್ನು ಕೂಡಲೇ ತಿದ್ದದೆ, ಅವರು ಯಾವ ದಂಡದ ಸುತ್ತುಗಳನ್ನು ಎಣಿಸಿದರೆಂದು ಮೊದಲು ಕೇಳಬೇಕು.